ವಾಲ್ವ್ ಮುಚ್ಚಿದೆ

ಸಂದರ್ಶನಕ್ಕೆ ಇನ್ನು ನಾಲ್ಕೇ ದಿನ. ಚೂಟಿಗೆ ಊಟ ಸೇರುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಹೆಂಗಸನ್ನು ಇನ್ನೂ ಚೂಟಿ ಅಂತ ಕರೆಯುವುದು ಸರಿಯೋ ತಪ್ಪೋ, ತಾಯಿಯಿಲ್ಲದ ನಾಲ್ಕು ವರ್ಷದ ಕೂಸನ್ನು ಎತ್ತಿಕೊಂಡು ಬಂದು ಸಾಕಿದ ಚಿಕ್ಕಮ್ಮ ಇಟ್ಟ ಹೆಸರು ಅದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಶಿಫ್ಟ್ ಇನ್‌ಚಾರ್ಜ್ ಆದ ಮೇಲೂ ಅದು ಅವಳನ್ನು ಬಿಡಲಿಲ್ಲ. ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ಅದೇ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸದಲ್ಲಿದ್ದಳು. ಲಾಂಡ್ರಿಯಲ್ಲಿ ಚೂಟಿಯ ಮಾತು ನಡೆಯುತ್ತಿತ್ತು, ಮನೆಯಲ್ಲಿ ಚಿಕ್ಕಮ್ಮನದು. ಇಬ್ಬರಿಗೂ ಈ ಏರ್ಪಾಡು ಒಗ್ಗಿಹೋಗಿತ್ತು.

ಚೂಟಿಗೆ ಬೇಕಾಗಿದ್ದದ್ದು ಬಿಸಿನೆಸ್ ಸ್ಕೂಲಿನ ಒಂದು ಸೀಟು. ಲಾಂಡ್ರಿ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ; ಅದರ ತಲೆಯ ಮೇಲೆ ಗಾಜಿನ ಕೋಣೆ, ಆ ಕೋಣೆಯಲ್ಲಿ ಮ್ಯಾನೇಜರ್. ಏಳು ವರ್ಷದಲ್ಲಿ ಮೂವರು ಮ್ಯಾನೇಜರ್‌ಗಳು ಬಂದರು, ಮೂವರೂ ಅವಳಿಗಿಂತ ಚಿಕ್ಕವರು. ಒಗೆಯುವ ಯಂತ್ರ ಯಾವುದು, ಹಿಂಡುವ ಯಂತ್ರ ಯಾವುದು ಎಂದು ಮೂವರಿಗೂ ಅವಳೇ ಕೈ ಹಿಡಿದು ತೋರಿಸಿದಳು. ಕಲಿತ ಮೇಲೆ ಅವರು ಮೆಟ್ಟಿಲು ಹತ್ತಿ ಗಾಜಿನ ಹಿಂದೆ ಕೂತರು, ಇವಳು ಕೆಳಗೇ ಉಳಿದಳು. ಕೆಲಸದಲ್ಲಿರುವವರಿಗೆಂದು ಆ ಸ್ಕೂಲಿನಲ್ಲಿ ಎಂಟು ಸೀಟು ತೆಗೆದಿಟ್ಟಿದ್ದರು. ಆದರೆ ವಯಸ್ಸು ಮೂವತ್ತು ತುಂಬಿರಬಾರದು. ಚೂಟಿಗೆ ಮುಂದಿನ ಬೇಸಿಗೆಗೆ ಮೂವತ್ತು ತುಂಬುತ್ತಿತ್ತು. ಈ ಸಲ ಆಗದಿದ್ದರೆ ಇನ್ನಿಲ್ಲ.

ಹಾಗಾಗಿ ಟೈರ್ ಅಂಗಡಿಯ ಮಹಡಿಯ ಮೇಲೆ ನಡೆಯುವ ಕೋಚಿಂಗ್ ಕ್ಲಾಸಿಗೆ ಸೇರಿದಳು. ಅಲ್ಲಿನ ಮೇಷ್ಟ್ರ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಮೊದಲು ಪ್ರಬಂಧ, ಆಮೇಲೆ ಗ್ರೂಪ್ ಡಿಸ್ಕಷನ್, ಕೊನೆಗೆ ಸಂದರ್ಶನ. ಮೂರಕ್ಕೂ ಅವರ ಹತ್ತಿರ ಮದ್ದಿತ್ತು. ಚೂಟಿಯ ಮೊದಲ ಪ್ರಬಂಧದಲ್ಲಿ 'ನಾವು' ಎಂದಿದ್ದ ಕಡೆಯೆಲ್ಲ ಕೆಂಪು ಸುತ್ತು ಬಿತ್ತು.

"ನಾವು ಅಂದ್ರೆ ಯಾರಮ್ಮ? ನಾವು ಒಗೆದೆವು, ನಾವು ನಿಭಾಯಿಸಿದೆವು! ನಿನಗೆ ಸಿಗೋ ಸೀಟು ಒಂದೇ. ಅದ್ರ ಮೇಲೆ ನಿಮ್ಮ ಲಾಂಡ್ರಿ ಪೂರ್ತಿ ಕೂತ್ಕೊಳ್ಳೋಕಾಗುತ್ತಾ? ನಾನು ಅಂತ ಬರಿ. ನೀನೇ ಮಾಡಿದ ಒಂದು ಘಟನೆ ಬೇಕು. ಇದ್ಯಾ?"

ಇತ್ತು. ಕಾಗದದ ಮೇಲಂತೂ ಇತ್ತು. ಅಲ್ಲೇ ಎಡವಟ್ಟಾದದ್ದು.

ಹಿಂದಿನ ವರ್ಷ ಒಂದು ಮಧ್ಯಾಹ್ನ, ಚಾದರಗಳನ್ನು ಒತ್ತುವ ದೊಡ್ಡ ರೋಲರಿಗೆ ಉಗಿ ತರುವ ಪೈಪು ಒಡೆದಿತ್ತು. ಚೂಟಿ ಸದ್ದು ಕೇಳಿ ಓಡಿ ಬರುವಷ್ಟರಲ್ಲಿ ಉಗಿ ನಿಂತಿತ್ತು, ಮಡಿಸುವ ಕೆಲಸದ ಹೆಂಗಸರಿಬ್ಬರು ರೋಲರಿನ ಹಿಂದಿನಿಂದ ಕೆಮ್ಮುತ್ತಾ ಹೊರಗೆ ಬರುತ್ತಿದ್ದರು. ಚಿಕ್ಕಮ್ಮ ಬಲಗೈಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ನಿಂತಿದ್ದಳು. ಅವಳನ್ನು ವಾರ್ಡಿಗೆ ಕಳಿಸಿ ಬಂದು ಚೂಟಿ ಆತುರದಲ್ಲಿ ರಿಜಿಸ್ಟರಿನಲ್ಲಿ ಬರೆದಳು: 'ಮೂರು ನಲವತ್ತಕ್ಕೆ ಪೈಪು ಒಡೆಯಿತು. ವಾಲ್ವ್ ಮುಚ್ಚಿದೆ.' ವಾಲ್ವ್ ಈಗ ಮುಚ್ಚಿಕೊಂಡಿದೆ, ಭಯವಿಲ್ಲ ಎಂಬುದು ಅವಳ ಅರ್ಥ. ಮೇಲಿನ ಮ್ಯಾನೇಜರ್ ಅದನ್ನು 'ನಾನು ಮುಚ್ಚಿದೆ' ಎಂದು ಓದಿಕೊಂಡ. ತಪ್ಪೆನ್ನುವುದು ಹೇಗೆ? ಕನ್ನಡದಲ್ಲಿ ಅದು ಎರಡೂ ಆಗುತ್ತದೆ. ವಾರ ಕಳೆಯುವುದರೊಳಗೆ ಆಸ್ಪತ್ರೆಯ ಮುದ್ರೆ ಹೊತ್ತ ಮೆಚ್ಚುಗೆಯ ಪತ್ರ ಚೂಟಿಯ ಹೆಸರಿಗೆ ಬಂತು. ಚಿಕ್ಕಮ್ಮನಿಗೆ ಬಂದದ್ದು ಮೂರು ದಿನದ ರಜೆ ಮತ್ತು ಒಂದು ಟ್ಯೂಬ್ ಮುಲಾಮು.

ಚೂಟಿ ಅಂದೇ ಪತ್ರ ತೋರಿಸಿ ಹೀಗಾಯ್ತು ಎಂದು ಹೇಳಿದ್ದಳು. ಚಿಕ್ಕಮ್ಮ, "ಇರ್ಲಿ ಬಿಡು" ಎಂದಳು. ಆ 'ಇರ್ಲಿ ಬಿಡು'ವನ್ನೇ ಚೂಟಿ ಗಟ್ಟಿಯಾಗಿ ಹಿಡಿದುಕೊಂಡಳು, ಮೇಲೆ ಹೋಗಿ ತಿದ್ದಿಸಲಿಲ್ಲ. ಇವತ್ತು ನಾಳೆ ಎನ್ನುತ್ತಾ ವರ್ಷವಾಯಿತು. ಮೇಷ್ಟ್ರು ಆ ಪತ್ರ ನೋಡಿದ್ದೇ ಕುಣಿದಾಡಿಬಿಟ್ಟರು. ಪ್ರಬಂಧದಲ್ಲಿ ಈಗ ಗೊಂದಲವೇ ಇರಲಿಲ್ಲ. 'ನಾನು ಮುನ್ನುಗ್ಗಿ ವಾಲ್ವ್ ಮುಚ್ಚಿದೆ' ಎಂದು ಅವಳೇ ತನ್ನ ಕೈಯಾರೆ ಬರೆದಿದ್ದಳು. ಬರೆದು ಕಳಿಸಿದ ದಿನದಿಂದ ಚಿಕ್ಕಮ್ಮನ ಬಲಗೈ ಕಡೆ ನೋಡುವುದನ್ನು ಬಿಟ್ಟಿದ್ದಳು. ಒಂದೇ ಅಡುಗೆಮನೆಯಲ್ಲಿ ಓಡಾಡುವವರಿಗೆ ಇದು ಸುಲಭದ ಕೆಲಸವಲ್ಲ.

ಸಂದರ್ಶನಕ್ಕೆ ನಾಲ್ಕು ದಿನವಿದ್ದ ಆ ಸಂಜೆ ಅಭ್ಯಾಸ ಮಾಡಿಸಲು ಚಿಕ್ಕಮ್ಮನೇ, ಚೂಟಿ ಕ್ಲಾಸಿನಲ್ಲಿ ಬರೆದುಕೊಂಡು ಬಂದಿದ್ದ ಪ್ರಶ್ನೆಗಳ ಹಾಳೆ ಹಿಡಿದು, ಕನ್ನಡಕ ಏರಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಬನ್ನಿ, ಕೂತ್ಕೊಳ್ಳಿ. ಯಾಕಿಷ್ಟು ತಡ?"

"ತಡ ಎಲ್ಲಾಯ್ತು ಚಿಕ್ಕಮ್ಮ?"

"ಚಿಕ್ಕಮ್ಮ ಯಾರ್ರೀ? ಮೇಡಂ ಅನ್ನಿ."

ಚೂಟಿ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು. ನಿಮ್ಮ ಬಗ್ಗೆ ಹೇಳಿ, ಈ ಕೋರ್ಸೇ ಯಾಕೆ, ನಿಮ್ಮ ದೌರ್ಬಲ್ಯ ಏನು... ಒಂದೊಂದಾಗಿ ಪ್ರಶ್ನೆಗಳು ಮುಗಿದವು. ಆರನೆಯದಾದ ಮೇಲೆ ಚಿಕ್ಕಮ್ಮ ಹಾಳೆಯನ್ನು ಕಣ್ಣಿನ ಹತ್ತಿರ ತಂದಳು.

"ಆರಾದ್ಮೇಲೆ ಎಂಟು ಬರುತ್ತಾ ನಿಮ್ಮ ಸ್ಕೂಲಲ್ಲಿ?"

ಏಳನೆಯ ಪ್ರಶ್ನೆಯನ್ನು ಚೂಟಿ ಬೇಕೆಂದೇ ಬಿಟ್ಟು ಬರೆದಿದ್ದಳು. "ಮರೆತುಹೋಯ್ತು" ಎಂದಳು.

"ನಾನು ಮರ್ತಿಲ್ಲ. ನಿನ್ನ ಪ್ರಬಂಧದ ಕಾಪಿ ಮೇಜಿನ ಮೇಲಿತ್ತು, ಓದ್ದೆ." ಚಿಕ್ಕಮ್ಮನ ದನಿಯಲ್ಲಿ ಏರಿಳಿತವಿರಲಿಲ್ಲ. "ನೀವು ಮುಂದೆ ನಿಂತು ಮಾಡಿದ ಒಂದು ಕೆಲಸ ಹೇಳಿ."

ಚೂಟಿ ಎದ್ದು ನಿಂತಳು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು. "ಬೇಡ ಚಿಕ್ಕಮ್ಮ."

"ಸಂದರ್ಶನದವರ ಮುಂದೆಯೂ ಬೇಡ ಅಂತೀಯಾ? ಹೇಳು."

ಹೇಳಿದಳು. ನೆಲ ನೋಡುತ್ತಾ, ಬಾಯಿಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು. ಪೈಪು ಒಡೆಯಿತು, ನಾನು ಓಡಿದೆ, ವಾಲ್ವಿನ ಚಕ್ರ ಹಿಡಿದು ಎಡಕ್ಕೆ ತಿರುಗಿಸಿದೆ.

"ಎಡಕ್ಕಲ್ಲ ಕಣೇ," ಎಂದಳು ಚಿಕ್ಕಮ್ಮ. "ಎಡಕ್ಕೆ ತಿರುಗಿಸಿದ್ರೆ ಇನ್ನೂ ತೆರ್ಕೊಳ್ಳುತ್ತೆ. ಬಲಕ್ಕೆ. ಎರಡೂವರೆ ಸುತ್ತು. ಮೊದಲ್ನೇದು ಬಿಗಿ, ಆಮೇಲೆ ಸಲೀಸು. ಎಲ್ಲಿ, ಇನ್ನೊಂದ್ಸಲ."

ಚೂಟಿ ತಲೆ ಎತ್ತಿ ಚಿಕ್ಕಮ್ಮನನ್ನು ನೋಡಿದಳು.

"ಮತ್ತೆ, ಚಕ್ರ ಕೆಂಡದ ಹಾಗೆ ಕಾದಿರುತ್ತೆ. ಹೇಗೆ ಹಿಡ್ಕೊಂಡೆ ಅಂತ ಕೇಳೇ ಕೇಳ್ತಾರೆ. ದಪ್ಪ ಟವಲ್ ಸುತ್ಕೊಂಡಿದ್ದೆ ಅನ್ನು."

"ನೀನು ಸುತ್ಕೊಂಡಿದ್ಯಾ?"

"ಇಲ್ಲ. ಎಲ್ಲಿತ್ತು ಟೈಮು? ನೀನು ಸುತ್ಕೊಂಡಿದ್ದೆ ಅನ್ನು. ಇಲ್ಲಾಂದ್ರೆ ಕೈ ತೋರ್ಸು ಅಂತಾರೆ." ಚಿಕ್ಕಮ್ಮ ಹಾಳೆ ಮಡಚಿದಳು. ಬಲಗೈ ಬೆರಳುಗಳು ಪೂರ್ತಿ ಬಾಗದ ಕಾರಣ ಎಡಗೈಯಿಂದಲೇ ಮಡಚಿದಳು. "ಮೂರು ಸಲ ಹೇಳಿ ರೂಢಿ ಮಾಡ್ಕೋ. ತಡವರಿಸಿದ್ರೆ ಸಿಕ್ಕಿಬೀಳ್ತೀಯ."

ಮೂರು ಸಲ ಹೇಳಿಸಿಯೇ ಬಿಟ್ಟಳು. ಬೈದಿದ್ದರೆ, ಒಂದು ಮಾತು ಕುಟುಕಿದ್ದರೆ ಚೂಟಿ ಅತ್ತು ಹಗುರಾಗುತ್ತಿದ್ದಳು. ಚಿಕ್ಕಮ್ಮ ಅದಕ್ಕೂ ಅವಕಾಶ ಕೊಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಗ್ರೂಪ್ ಡಿಸ್ಕಷನ್. ದುಂಡು ಮೇಜಿನ ಸುತ್ತ ಹತ್ತು ಜನ. ಯಂತ್ರ ಬಂದರೆ ಕೆಲಸಗಾರರ ಗತಿ ಏನು ಎಂಬುದು ವಿಷಯ. ಮೇಷ್ಟ್ರು 'ಮೊದಲು ಮಾತಾಡಿದವನೇ ಗೆದ್ದ' ಎಂದು ಊರಿಗೆಲ್ಲ ಹೇಳಿಕೊಟ್ಟಿದ್ದರೋ ಏನೋ, ಹತ್ತೂ ಜನ ಒಟ್ಟಿಗೇ ಬಾಯಿ ತೆರೆದರು. ಟೈ ಕಟ್ಟಿದವನೊಬ್ಬ ಕತ್ತಿನ ನರ ಉಬ್ಬಿಸಿ ಕಿರುಚುತ್ತಿದ್ದ. ಅವನು ಉಸಿರು ಎಳೆದುಕೊಳ್ಳಲು ನಿಂತ ಅರೆಗಳಿಗೆಯಲ್ಲಿ ಚೂಟಿ ಒಳಹೊಕ್ಕಳು. ತಮ್ಮ ಲಾಂಡ್ರಿಗೆ ಹಿಂಡುವ ಯಂತ್ರ ಬಂದಾಗ ಕೈಯಲ್ಲಿ ಹಿಂಡುತ್ತಿದ್ದ ಆರು ಜನ ಏನಾದರು, ಯಾರು ಯಾವ ಹೊಸ ಕೆಲಸ ಕಲಿತರು, ಯಾರಿಗೆ ಆಗಲಿಲ್ಲ ಎಂದು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಟೈ ಕಟ್ಟಿದವನೂ ಸುಮ್ಮನಾದ. ಮೂಲೆಯಲ್ಲಿ ಕೂತು ಅಂಕ ಹಾಕುತ್ತಿದ್ದವರು ತಲೆ ಎತ್ತಿ ನೋಡಿದ್ದನ್ನು ಅವಳು ಗಮನಿಸಿದಳು. ಸೀಟು ಕೈಗೆಟುಕುವಷ್ಟು ಹತ್ತಿರವಿತ್ತು.

ಮಧ್ಯಾಹ್ನ ಸಂದರ್ಶನ. ಮೇಜಿನ ಆಚೆ ಮೂವರು. ನಡುವೆ ಬೆಳ್ಳಿಕೂದಲಿನ ಅಧ್ಯಕ್ಷೆ, ಎಡಕ್ಕೆ ಏನನ್ನೂ ಕೇಳದೆ ಬರೆಯುತ್ತಲೇ ಇದ್ದ ಒಬ್ಬರು, ಬಲಕ್ಕೆ ಕಾರ್ಖಾನೆಗಳನ್ನು ನಡೆಸಿ ನಿವೃತ್ತರಾದ ಎಂಜಿನಿಯರ್. ಮೇಷ್ಟ್ರು ಹೇಳಿದ್ದಂತೆ ಚೂಟಿ ಎರಡೂ ಕೈಗಳನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟುಕೊಂಡಳು. ಮೊದಲ ಪ್ರಶ್ನೆಗಳು ಬೆಣ್ಣೆಯಲ್ಲಿ ಚಾಕು ಇಳಿದಷ್ಟು ಸಲೀಸಾಗಿ ಮುಗಿದವು. ಆಮೇಲೆ ಎಂಜಿನಿಯರ್ ಪ್ರಬಂಧ ಎತ್ತಿಕೊಂಡರು.

"ವಾಲ್ವ್ ಯಾವ ಕಡೆಗೆ ತಿರುಗಿಸಿದ್ರಿ?"

"ಬಲಕ್ಕೆ, ಸರ್. ಎರಡೂವರೆ ಸುತ್ತು. ಮೊದಲನೇದು ಬಿಗಿ ಇತ್ತು."

ಅವರು ಹುಬ್ಬೇರಿಸಿದರು. ಇಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಜನ ಕಥೆ ಕಟ್ಟುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಇವಳದು ಕಟ್ಟಿದ ಕಥೆಯಲ್ಲ ಎಂದು ಈಗ ಖಾತ್ರಿಯಾಯಿತು.

"ಉಗಿಯ ವಾಲ್ವ್ ಮುಟ್ಟೋಕಾಗಲ್ಲ. ಹೇಗೆ ಹಿಡಿದ್ರಿ?"

"ದಪ್ಪ ಟವಲ್ ಸುತ್ತಿಕೊಂಡಿದ್ದೆ, ಸರ್."

ತಡವರಿಸಲಿಲ್ಲ. ಮೂರು ಸಲ ಹೇಳಿ ರೂಢಿಯಾಗಿತ್ತು. ಎಂಜಿನಿಯರ್ ಮುಖ ಅರಳಿತು. ಅಧ್ಯಕ್ಷೆಯ ಕಡೆ ತಿರುಗಿ, "ನೋಡಿ, ಇದನ್ನೇ ನಾವು ಹುಡುಕ್ತಿರೋದು" ಎಂದರು. "ಗಾಬರಿಯಲ್ಲೂ ತಲೆ ಓಡ್ಬೇಕು. ನಮ್ಮ ಕಾರ್ಖಾನೆಯಲ್ಲಿ ಇಂಥದ್ದಾದ್ರೆ ಯಾರೋ ಒಬ್ಬ ಪೆದ್ದ ಬರಿಗೈ ಹಾಕಿ ಸುಟ್ಕೊಳ್ತಿದ್ದ. ಅದು ಧೈರ್ಯ ಅಲ್ಲ, ಶುದ್ಧ ದಡ್ಡತನ."

ಅಧ್ಯಕ್ಷೆ ನಕ್ಕು ಏನೋ ಗುರುತು ಹಾಕಿಕೊಂಡರು. ಇನ್ನು ಚೂಟಿ ಮಾಡಬೇಕಾಗಿದ್ದದ್ದು ಒಂದೇ, ಬಾಯಿ ಮುಚ್ಚಿಕೊಂಡು ಕೂರುವುದು. ಆದರೆ ಕಿವಿ ಬಿಸಿಯಾಯಿತು. ಆ ಕೋಪ ಎಲ್ಲಿಂದ ನುಗ್ಗಿ ಬಂತೋ ಅವಳಿಗೇ ತಿಳಿಯಲಿಲ್ಲ. ಮೇಜಿನ ಮೇಲೆ ತನ್ನ ಎರಡು ಕೈಗಳು ಒಂದು ಕಲೆಯೂ ಇಲ್ಲದೆ ಬಿದ್ದಿದ್ದವು. ಅವುಗಳನ್ನು ನೋಡಿ ಅವಳಿಗೆ ಅಸಹ್ಯವಾಯಿತು.

"ಅದು ದಡ್ಡತನ ಅಲ್ಲ, ಸರ್."

"ಏನಂದ್ರಿ?"

"ಬರಿಗೈ ಹಾಕಿದ್ದು. ರೋಲರ್ ಹಿಂದೆ ಇಬ್ಬರು ಹೆಂಗಸರಿದ್ರು. ಟವಲ್ ಇರೋ ಕಪಾಟು ಹನ್ನೆರಡು ಹೆಜ್ಜೆ ದೂರ. ಹೋಗಿ ಬರೋಷ್ಟರಲ್ಲಿ ಅವರ ಮುಖ ಬೆಂದುಹೋಗ್ತಿತ್ತು. ತಲೆ ಓಡಿದ್ದಕ್ಕೇ ಕೈ ಹಾಕಿದ್ರು."

ಬರೆಯುತ್ತಲೇ ಇದ್ದವರೂ ಪೆನ್ನು ನಿಲ್ಲಿಸಿದರು.

"ಯಾರು?" ಎಂದರು ಅಧ್ಯಕ್ಷೆ.

"ನಮ್ಮ ಚಿಕ್ಕಮ್ಮ. ಟವಲ್ ಇರಲಿಲ್ಲ, ಮೇಡಂ. ನಾನೂ ಇರಲಿಲ್ಲ. ನಾನು ಬರೋಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಮಾಡಿದ್ದು ರಿಜಿಸ್ಟರ್ ಬರೆದದ್ದು, ಅದನ್ನೂ ನೆಟ್ಟಗೆ ಬರೀಲಿಲ್ಲ. ತಪ್ಪು ಓದ್ಕೊಂಡ್ರು, ನಾನು ಸುಮ್ಮನಿದ್ದೆ. ಆಮೇಲೆ ಈ ಪ್ರಬಂಧದಲ್ಲಿ ಬೇಕಂತಲೇ ಬರೆದೆ."

ಅಧ್ಯಕ್ಷೆ ಪ್ರಬಂಧವನ್ನು ಎಳೆದುಕೊಂಡು ಅದರ ಮೇಲೆ ಒಂದು ಅಡ್ಡಗೀಟು ಹಾಕಿದರು. ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. "ಪ್ರಬಂಧದ ಅಂಕ ಪೂರ್ತಿ ಹೋಗುತ್ತೆ. ಅದು ಹೋದ್ರೆ ಸೀಟಿಲ್ಲ. ಗೊತ್ತಲ್ವಾ?"

"ಗೊತ್ತು, ಮೇಡಂ."

"ಮುಂದಿನ ವರ್ಷ..." ಎಂದು ಶುರು ಮಾಡಿದವರು ಅರ್ಜಿಯಲ್ಲಿ ಹುಟ್ಟಿದ ದಿನಾಂಕ ನೋಡಿ ಅಲ್ಲಿಗೇ ನಿಲ್ಲಿಸಿದರು.

ಚೂಟಿ ಮನೆಗೆ ಬಂದಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಅಂದು ಬೇಗ ಬರಲು ಶಿಫ್ಟ್ ಬದಲಾಯಿಸಿಕೊಂಡಿದ್ದಳು.

"ಏಳನೇದು ಕೇಳಿದ್ರಾ?"

"ಕೇಳಿದ್ರು."

"ಬಲಕ್ಕೆ ಅಂದ್ಯಾ?"

"ಅಂದೆ."

"ಟವಲ್?"

"ಅದನ್ನೂ ಅಂದೆ. ಆಮೇಲೆ ಇಲ್ಲ ಅಂದೆ." ಚೂಟಿ ಚಪ್ಪಲಿ ಬಿಟ್ಟು ಗೋಡೆಗೊರಗಿದಳು. "ವಾಲ್ವ್ ಮುಚ್ಚಿದ್ದು ನೀನು ಅಂತ ಹೇಳ್ಬಿಟ್ಟೆ, ಚಿಕ್ಕಮ್ಮ. ಸೀಟು ಹೋಯ್ತು."

ಚಿಕ್ಕಮ್ಮ ಸಿಡಿದಳು. "ಹುಚ್ಚು ಹಿಡಿದಿದ್ಯೇನೇ ನಿನಗೆ? ಮೂರು ಸಲ ಹೇಳಿಸಿದ್ದೆ! ಬಾಯಿಗೆ ಬಂದ ತುತ್ತು ಕೈಯಾರೆ ಚೆಲ್ಲಿ ಬಂದ್ಯಲ್ಲ! ನನ್ನ ಕೈಯಂತೂ ಸುಟ್ಟಿತ್ತು, ನಿನಗಾದ್ರೂ ದಾರಿಯಾಗ್ಲಿ ಅಂತಲ್ವಾ ನಾನು..." ಅಡುಗೆಮನೆಗೆ ಹೋದಳು, ಪಾತ್ರೆಯೊಂದನ್ನು ಕುಕ್ಕಿದಳು, ಹೊರಗೆ ಬಂದಳು, ಇನ್ನಷ್ಟು ಬೈದಳು. ವರ್ಷದಿಂದ ಕಾದಿದ್ದ ಬೈಗುಳ ಅದು, ಬೇರೆ ತಪ್ಪಿಗೆ ಬಂದರೂ ಚೂಟಿಗೆ ಹಿತವಾಗಿತ್ತು. ಅಳು ತಾನಾಗಿ ಬಂತು.

ಬೈದು ಬೈದು ಸುಸ್ತಾಗಿ ಚಿಕ್ಕಮ್ಮ ಕುರ್ಚಿಯಲ್ಲಿ ಕೂತಳು.

"ರೋಲರ್ ಹಿಂದೆ ಇಬ್ಬರಿದ್ರು ಅಂತ ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

"ಎಂಜಿನಿಯರ್ ತಲೆ ತಗ್ಗಿಸಿಬಿಟ್ರು. ನಾನು ಎದ್ದು ಹೊರಟಾಗ ನಿನ್ನ ಹೆಸರು ಕೇಳಿದ್ರು."

"ನನ್ನ ಹೆಸ್ರಾ?"

"ಬರ್ಕೊಂಡ್ರು."

ಚಿಕ್ಕಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕೇಳಿದಳು, "ಒತ್ತಕ್ಷರ ಬಿಟ್ಟಿಲ್ಲ ತಾನೇ? ಎಲ್ರೂ ಬಿಡ್ತಾರೆ."

"ಬಿಟ್ಟಿಲ್ಲ, ಚಿಕ್ಕಮ್ಮ. ಪಕ್ಕದಲ್ಲಿ ನಿಂತು ನಾನೇ ಬರೆಸಿದೆ."