ಹನ್ನೊಂದನೇ ನಂಬರಿನ ವೋಟು

ಬೆಳಿಗ್ಗೆಯೇ ಪಕ್ಷಗಳ ಫಲಿತಾಂಶ ಬಂತು. ಜಿಲ್ಲೆಯಲ್ಲಿ ದೋಣಿ ಪಕ್ಷಕ್ಕೆ ಆರು ಸ್ಥಾನ, ಲಾಟೀನಿಗೆ ನಾಲ್ಕು. ವೋಟು ಹಾಕುವವರು ಮೊದಲು ಪಕ್ಷಕ್ಕೆ, ಆಮೇಲೆ ಆ ಪಕ್ಷದ ಪಟ್ಟಿಯ ಅಭ್ಯರ್ಥಿಯ ನಂಬರಿಗೆ ಗೀಟು ಹಾಕಬೇಕು; ಪಟ್ಟಿಯಲ್ಲಿ ಹೆಚ್ಚು ಗೀಟು ಬಿದ್ದವರಿಗೆ ಸ್ಥಾನ. ರಣ್‌ಮೆಣಿಕೆ ಲಾಟೀನಿನವಳು, ನಂಬರು ಹನ್ನೊಂದು. ಆ ನಾಲ್ವರಲ್ಲಿ ಒಬ್ಬಳಾದರೆ ಅವಳಿಗೆ ಸಾಕಿತ್ತು. ಮೂವತ್ತು ವರ್ಷ ಹೆರಿಗೆ ಮಾಡಿಸಿದ ನರ್ಸು, ಊರವರಿಗೆಲ್ಲ 'ಮಿಸ್ಸಿ'. ಕ್ಲಿನಿಕ್ಕಿನೆದುರು ಬಿಸಿಲಲ್ಲಿ ನಿಲ್ಲುವ ಬಸುರಿಯರಿಗೆ ಒಂದು ಸೂರು ಹಾಕಿಸಿ ಎಂದು ಅರ್ಜಿ ಬರೆದು ಬರೆದು ಬೇಸತ್ತು, ನಿವೃತ್ತಿಯಾದ ಮೇಲೆ ಪ್ರಾಂತ್ಯ ಮಂಡಳಿಯ ಚುನಾವಣೆಗೇ ನಿಂತಿದ್ದಳು.

ಮಧ್ಯಾಹ್ನ ರೇಡಿಯೋದಲ್ಲಿ ಅಭ್ಯರ್ಥಿಗಳ ವೋಟು ಓದಿದರು. ಅವಳು ತನ್ನ ಪಕ್ಷದಲ್ಲೇ ಒಂಬತ್ತನೆಯವಳು.

ಚಹಾದಂಗಡಿಯ ಜಿನದಾಸ ಬೇಲಿಯಾಚೆಯಿಂದ ಕೂಗಿದ. "ಮೋಸ ಮಿಸ್ಸೀ, ಮೋಸ! ನಮ್ಮನೆಯ ಏಳೂ ವೋಟು ನಿಮಗೇ ಹಾಕಿದ್ವಿ."

"ಹೆಂಗೆ ಹಾಕ್ದೆ, ಹೇಳು."

"ಮೊದ್ಲು ದೋಣಿ ಮೇಲೆ ಗೀಟು. ಆಮೇಲೆ ನಿಮ್ಮ ಹನ್ನೊಂದರ ಮೇಲೆ ಗೀಟು."

"ಲೋ ಪೆದ್ದಾ! ನಾನು ಲಾಟೀನು ಕಣೋ!"

"ಗೊತ್ತು. ಆದ್ರೆ ಲಾಟೀನಿಗೆ ಹಾಕಿದ್ರೆ ಸತ್ತ ನಮ್ಮಪ್ಪ ಎದ್ದು ಬರ್ತಾನೆ. ಪಕ್ಷ ಪಕ್ಷಕ್ಕೆ, ನಂಬರು ನಿಮಗೆ."

"ದೋಣಿ ಪಟ್ಟಿಯಲ್ಲೂ ಒಬ್ಬ ಹನ್ನೊಂದು ಇರ್ತಾನಲ್ಲೋ! ನಿಮ್ಮ ಏಳೂ ಅವನಿಗೆ ಹೋಯ್ತು."

ಊರ ಮುಕ್ಕಾಲು ಮಂದಿ ಹೀಗೇ ಹಾಕಿದ್ದರು. ದೋಣಿಯ ಹನ್ನೊಂದು ಎಂದರೆ ಸೈಕಲ್ ಪಂಕ್ಚರ್ ಹಾಕುವ ತಿಲಕಸಿರಿ. ಪಟ್ಟಿ ತುಂಬಿಸಲು ಪಕ್ಷದವರು ಅವನ ಸಹಿ ಹಾಕಿಸಿಕೊಂಡಿದ್ದರು. ಅವನು ಅಂಟಿಸಿದ್ದು ಒಂದೇ ಪೋಸ್ಟರ್, ಅದೂ ಸ್ವಂತ ಅಂಗಡಿಗೆ. ಈಗ ದೋಣಿಯ ಆರು ಜನರಲ್ಲಿ ಅವನೂ ಒಬ್ಬ.

ರಣ್‌ಮೆಣಿಕೆ ಇಡೀ ಊರನ್ನು ಬೈದು ಮುಗಿಸುವಷ್ಟರಲ್ಲಿ ಬೀದಿಯಲ್ಲಿ ಪಟಾಕಿ ಸಿಡಿಯಿತು. ಕೊರಳಲ್ಲಿ ಹಾರ, ಕೈಯಲ್ಲಿ ಸಂಭ್ರಮದ ಹಾಲನ್ನ ಕಿರಿಬತ್‌ನ ತಟ್ಟೆ ಹಿಡಿದು ತಿಲಕಸಿರಿಯೇ ಅಂಗಳಕ್ಕೆ ಬಂದ. ಮುಖ ಬಿಳಿಚಿಕೊಂಡಿತ್ತು.

"ಮಿಸ್ಸಿ, ನಾನು ಯಾರ್ನೂ ಕೇಳೇ ಇಲ್ಲ. ಹೆಂಗಾಯ್ತೋ ಗೊತ್ತಿಲ್ಲ."

"ನಂಗೊತ್ತು. ಕೂತ್ಕೋ." ಅವನ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. "ನಿನ್ನನ್ನ ಹೊಟ್ಟೆಯಿಂದ ಎಳೆದು ಹಾಕಿದ್ದೂ ನಾನೇ, ಮಂಡಳಿಗೆ ಕಳಿಸ್ತಿರೋದೂ ನಾನೇ."

ಜಿನದಾಸ ಬೇಲಿಯಾಚೆಯಿಂದಲೇ ಗೀಟಿನ ಕತೆ ಹೇಳಿದ. ತಿಲಕಸಿರಿ ಕೊರಳ ಹಾರ ತೆಗೆದು ಅವಳ ಮುಂದಿಟ್ಟ.

"ನಂಗ್ಯಾಕೋ ಇದು? ಕ್ಲಿನಿಕ್ಕಿಗೆ ಸೂರು ಹಾಕ್ಸು."

"ಲಾಟೀನಿನವರ ಕೆಲ್ಸ ಮಾಡಿದ್ರೆ ನಮ್ಮವರು ಬಿಡ್ತಾರಾ?"

"ಮುಂದಿನ ಸಲವೂ ನಿಂಗೆ ನನ್ನ ಹನ್ನೊಂದೇ ಸಿಗುತ್ತೇನೋ? ಆಗ ಊರವರು ನಿನ್ನ ಕೆಲ್ಸ ನೋಡೇ ವೋಟು ಹಾಕ್ಬೇಕು."

ತಿಲಕಸಿರಿ ಕಿರಿಬತ್ ತಟ್ಟೆಯನ್ನು ಅವಳ ಕಡೆ ಸರಿಸಿ, ಸೂರಿಗೆ ತಗಡೋ ಹೆಂಚೋ ಎಂದು ಕೇಳಿದ.