ಮರಿಯಪ್ಪನವರು ಒರೆಸಿದ ವಿಮಾನ

ನಾನೊಂದು ಯುದ್ಧವಿಮಾನ. ನಗಬೇಡಿ. ಉದ್ದ ಒಂದು ಗೇಣು, ಮೈಯೆಲ್ಲ ಪ್ಲಾಸ್ಟಿಕ್ಕು, ಒಮ್ಮೆಯೂ ಹಾರಿದವನಲ್ಲ, ಆದರೂ ಯುದ್ಧವಿಮಾನವೇ. ದೂರದ ಯಾವುದೋ ಕಾರ್ಖಾನೆಯ ಬಿಸಿ ಅಚ್ಚಿನಿಂದ ಹೊರಬಿದ್ದಾಗ ನಾನು ಇಡಿಯಾಗಿರಲಿಲ್ಲ. ರೆಕ್ಕೆ, ಬಾಲ, ಗಾಲಿ ಎಲ್ಲ ಬಿಡಿಬಿಡಿಯಾಗಿ ಒಂದು ಚೌಕಟ್ಟಿಗೆ ಅಂಟಿಕೊಂಡಿದ್ದವು. ಡಬ್ಬಿಯ ಮೇಲಿನ ಚಿತ್ರ ಮಾತ್ರ ಬಲು ಜೋರಾಗಿತ್ತು. ಬೆಂಗಳೂರಿನ ಅಂಗಡಿಯೊಂದರ ಅಟ್ಟದಲ್ಲಿ ಧೂಳು ಕುಡಿಯುತ್ತಾ, ಎಂದಾದರೊಂದು ದಿನ ಹಾಗೆಯೇ ಬೆಳ್ಳಿಯಂತೆ ಹೊಳೆಯುತ್ತೇನೆಂದು ವರ್ಷಗಟ್ಟಲೆ ಕಾದೆ.

ನನ್ನನ್ನು ಕೊಂಡವಳು ಇಂದುಮತಿ. ಜಾಲಹಳ್ಳಿ ಕಡೆಯ ಶಾಲೆಯೊಂದರ ಡ್ರಾಯಿಂಗ್ ಟೀಚರ್, ಐವತ್ತರ ಹತ್ತಿರದ ಹೆಂಗಸು. ಕೈ ಬಹಳ ಚುರುಕು. ಅಂಟಿಸಬೇಕಾದ್ದನ್ನು ಅಂಟಿಸಿ, ಬೆಳ್ಳಿ ಬಣ್ಣ ಹೊಡೆದು ಕಿಟಕಿಯಲ್ಲಿ ಒಣಗಲಿಟ್ಟಳು. ನಾನು ಬೀಗಿಹೋದೆ. ಮಾರನೆಯ ದಿನ ಉಪ್ಪುಕಾಗದ ಹಿಡಿದು ಬಂದವಳು ಆ ಬಣ್ಣವನ್ನು ಅಲ್ಲಲ್ಲಿ ಕೆರೆದುಹಾಕಿದಳು. ಕಾಫಿ ಡಿಕಾಕ್ಷನ್ನಿನಲ್ಲಿ ಕೆಮ್ಮಣ್ಣು ಕದಡಿ ಸಂದುಗಳಲ್ಲೆಲ್ಲ ತುಕ್ಕಿನಂತೆ ಇಳಿಸಿದಳು. ಬಾಲಕ್ಕೆ ದೀಪದ ಮಸಿ, ರೆಕ್ಕೆಗೆ ಸುಣ್ಣದಿಂದ ಕಾಗೆಯ ಹಿಕ್ಕೆ. ಗಾಲಿಯನ್ನು ಬಿಸಿ ಚಮಚಕ್ಕೆ ಒತ್ತಿ ಗಾಳಿ ಹೋದಂತೆ ಚಪ್ಪಟೆ ಮಾಡಿದಳು. ಪೈಲಟ್ ಕೂರುವ ಕಡೆಯ ಗಾಜನ್ನು ಸೂಜಿಯಿಂದ ಗೀರಿ ಗೀರಿ ಮಂಕಾಗಿಸಿದಳು. ಹುಟ್ಟಿದ ವಾರದಲ್ಲೇ ನಾನು ಹಣ್ಣು ಹಣ್ಣು ಮುದುಕ. ಅವಳ ಮೇಲೆ ಮೈ ಉರಿಯುವಷ್ಟು ಸಿಟ್ಟು ಬಂತು.

ಆ ಸಿಟ್ಟು ಇಳಿದದ್ದು ಪಕ್ಕದ ಕೋಣೆಯಲ್ಲಿದ್ದ ಮರಿಯಪ್ಪನವರ ವಿಷಯ ತಿಳಿದ ಮೇಲೆ. ಅವರು ಇಂದುಮತಿಯ ತಂದೆ. ವಾಯುಪಡೆಯಲ್ಲಿ ಸಾರ್ಜೆಂಟ್ ಆಗಿ ವಿಮಾನಗಳನ್ನು ಹಾರಾಟಕ್ಕೆ ಸಿದ್ಧ ಮಾಡುತ್ತಿದ್ದವರು. ಅವರು ಮಗುವಿನಂತೆ ನೋಡಿಕೊಂಡ ಒಂದು ಜೆಟ್‌ ವಿಮಾನವನ್ನು, ಹಳತಾಯಿತೆಂದು ವಾಯುಪಡೆಯವರು ಊರಾಚೆಯ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಪಾಠಕ್ಕಾಗಿ ಕೊಟ್ಟಿದ್ದರಂತೆ. ಕಾಲೇಜಿನವರು ಕೆಲವು ಕಾಲ ಪಾಠ ಮಾಡಿ, ಆಮೇಲೆ ಹಿತ್ತಲಿಗೆ ತಳ್ಳಿ ಮರೆತರು. ನಿವೃತ್ತರಾದ ಮರಿಯಪ್ಪನವರು ಭಾನುವಾರಗಳಲ್ಲಿ ಬಸ್ಸು ಹಿಡಿದು ಹೋಗಿ, ಬೇಲಿಯಾಚೆ ನಿಂತು ಅದನ್ನು ನೋಡಿ ಬರುತ್ತಿದ್ದರು. ಹಾಸ್ಟೆಲ್ ಕಟ್ಟಲು ಜಾಗ ಬೇಕಾಗಿ ಅದನ್ನು ಕತ್ತರಿಸಿ ಗುಜರಿಗೆ ಹಾಕುವ ಹೊತ್ತಿಗೆ ಅವರ ನೆನಪೇ ಕೈಕೊಡತೊಡಗಿತ್ತು.

ಈಗ ಅವರಿಗೆ ಮಗಳ ಗುರುತು ಸಿಗುತ್ತಿರಲಿಲ್ಲ. ಯಾರೋ ಹೊರಗಿನವಳೆಂದು ಅವಳ ಕೈತುತ್ತನ್ನು ಬೇಡವೆನ್ನುತ್ತಿದ್ದರು. ದಿನ ಬೆಳಗಾದರೆ ಒಂದೇ ಮಾತು, ನನ್ನ ವಿಮಾನದ ಹತ್ತಿರ ಕರೆದುಕೊಂಡು ಹೋಗಿ ಎಂದು. ವಿಮಾನದ ಗುರುತು ಹತ್ತಿದರೆ ಅದರ ಹಿಂದೆಯೇ ತನ್ನ ಗುರುತೂ ಹತ್ತೀತು ಎಂಬ ಆಸೆ ಇಂದುಮತಿಗೆ. ಒಂದೇ ಒಂದು ಸಲ ಹೆಸರು ಹಿಡಿದು ಕರೆಯಲಿ, ಅಷ್ಟೇ ಸಾಕು ಎಂದು ನನಗೆ ತುಕ್ಕು ಬಳಿಯುತ್ತಲೇ ಅಳುತ್ತಿದ್ದಳು. ಅಪ್ಪ ಆ ವಿಮಾನವನ್ನು ಕೊನೆಯ ಸಲ ಕಂಡದ್ದು ಹೇಗೋ ನಾನೂ ಹಾಗೆಯೇ ಇರಬೇಕು ಎಂದೇ ಅಷ್ಟೊಂದು ಪಾಡುಪಟ್ಟದ್ದು. ಅಲ್ಲೇ ಅವಳು ಎಡವಿದ್ದು.

ಒಂದು ಬೆಳಿಗ್ಗೆ ನನ್ನನ್ನು ಬೀದಿಕಡೆಯ ಕಿಟಕಿಯ ಹತ್ತಿರದ ಮೇಜಿನ ಮೇಲೆ ಅವರ ಮುಂದಿಟ್ಟಳು. ಮರಿಯಪ್ಪನವರು ಬಗ್ಗಿ ನೋಡಿದರು. ಬಾಲದ ಗುರುತು ನೋಡಿದರು, ಮೂಗು ಸವರಿದರು. ಕಣ್ಣು ತುಂಬಿ ಬಂತು. ಇಂದುಮತಿ ತನ್ನ ಹೆಸರಿಗಾಗಿ ಕಾದಳು.

"ಯಾರಮ್ಮ ಇದನ್ನ ಈ ಗತಿಗೆ ತಂದೋರು?" ಎಂದರು. "ಪೈಲಟ್ ಸಾಹೇಬ್ರು ಬಂದ್ರೆ ನಾನು ಹೆಂಗ್ ಮುಖ ತೋರಿಸ್ಲಿ?"

ವಿಮಾನವನ್ನು ಚೆನ್ನಾಗಿ ಒರೆಸದೆ ಪೈಲಟ್ ಕೈಗೆ ಒಪ್ಪಿಸಿದವರಲ್ಲ ಅವರು. ಹಳೇ ಬನಿಯನ್ ಹರಿದು, ದೇವರ ಮನೆಯಿಂದ ದೀಪದೆಣ್ಣೆ ತಂದು ಕೂತೇಬಿಟ್ಟರು. ಮೂಗಿನಿಂದ ಶುರುಮಾಡಿ ಬಾಲದವರೆಗೆ, ಮತ್ತೆ ಮೂಗಿನಿಂದ. ಬೇಡಪ್ಪಾ ಎಂದು ಇಂದುಮತಿ ಕೈಹಿಡಿದರೆ ಕೊಡವಿಕೊಂಡರು. ತುಕ್ಕು ಹೋಯಿತು, ಮಸಿ ಹೋಯಿತು, ಅವಳು ವಾರವಿಡೀ ಬಳಿದದ್ದೆಲ್ಲ ಆ ಚಿಂದಿಗೆ ಹತ್ತಿತು. ನಿಜ ಹೇಳುತ್ತೇನೆ, ನನಗೆ ಹಿತವಾಗಿತ್ತು. ಆಮೇಲೆ ಅವಳ ಮುಖ ನೋಡಿದೆ. ಆ ಹಿತವೆಲ್ಲ ಅಲ್ಲಿಗೇ ಇಂಗಿಹೋಯಿತು.

ಒರೆಸಿ ಮುಗಿಸಿದ ಮರಿಯಪ್ಪನವರು ನನ್ನ ಪಕ್ಕದಲ್ಲಿ ನೆಟ್ಟಗೆ ನಿಂತು, ಮಗಳಿಗೆ ಸೆಲ್ಯೂಟ್ ಹೊಡೆದರು.

"ವಿಮಾನ ರೆಡಿ ಇದೆ ಸರ್," ಎಂದವರು ದನಿ ತಗ್ಗಿಸಿ, "ಎರಡು ದಿನ ರಜೆ ಕೊಡಿ ಸರ್. ಮನೇಲಿ ಮಗಳಿದಾಳೆ, ಇಂದು ಅಂತ. ನೋಡಿ ಬಹಳ ದಿನ ಆಯ್ತು," ಎಂದರು.

ಹೆಸರು ಬಂದಿತ್ತು. ಅವಳನ್ನೇ ನೋಡುತ್ತಾ, ಅವಳಲ್ಲದ ಯಾರಿಗೋ ಹೇಳಿದ್ದರು. ಇಂದುಮತಿ ಒಂದು ಹೆಜ್ಜೆ ಮುಂದೆ ಬಂದಳು. 'ನಾನೇ ಅಪ್ಪಾ' ಅನ್ನುತ್ತಾಳೆ ಅಂದುಕೊಂಡೆ. ಅವಳು ಕಣ್ಣೊರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿದಳು.

"ರಜೆ ಕೊಟ್ಟಿದೀನಿ. ಹೋಗಿ ಬನ್ನಿ."

ಅವರು ಚೀಲಕ್ಕೆ ಒಂದು ಟವೆಲ್ ತುರುಕಿಕೊಂಡು ಹೊರಟರು. ಮುಂಬಾಗಿಲ ಮೆಟ್ಟಿಲವರೆಗೆ ಹೋಗಿ, ಊರಿನ ಮನೆ ಬಂತೆಂದುಕೊಂಡರೋ ಏನೋ, ಅಲ್ಲೇ ಕೂತು ಬೀದಿ ನೋಡತೊಡಗಿದರು. ಇಂದುಮತಿಗೆ ಏನು ಹೊಳೆಯಿತೋ. ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಹಿತ್ತಿಲ ಬಾಗಿಲಿನಿಂದ ಓಡಿದಳು. ಮನೆ ಬಳಸಿಕೊಂಡು ಬಂದು, ಏದುಸಿರು ಬಿಡುತ್ತಾ ಮುಂದಿನ ಗೇಟು ತೆರೆದು ಅವರೆದುರು ನಿಂತಳು. ಕಿಟಕಿಯಿಂದ ನನಗೆ ಎಲ್ಲವೂ ಕಾಣುತ್ತಿತ್ತು.

ಮರಿಯಪ್ಪನವರು ಅವಳ ಮುಖವನ್ನೇ ಬಹಳ ಹೊತ್ತು ನೋಡಿದರು.

"ಸ್ಕೂಲ್ ಬಿಡ್ತೇನಮ್ಮಾ?" ಎಂದರು. "ದಾರೀಲಿ ನಮ್ಮ ಇಂದು ಸಿಕ್ಕಿದ್ಲಾ?"

ಪ್ಲಾಸ್ಟಿಕ್ಕಿನ ಎದೆಯೂ ಒಡೆಯಬಹುದೆಂದು ನನಗೆ ಆಗ ಗೊತ್ತಾಯಿತು. ಅವಳಿಗಾಗಿ ನಾನು ಮಾಡಬೇಕಿದ್ದದ್ದು ಒಂದೇ ಕೆಲಸ, ಅದು ನನ್ನಿಂದ ಆಗಲಿಲ್ಲ. ಈಗ ಕಿಟಕಿಯ ಮೂಲೆಯಲ್ಲಿ ಕೂತು ವಯಸ್ಸು ಕಳೆಯುತ್ತಿದ್ದೇನೆ. ಮುಂದೆ ಏನೇನೋ ನೋಡಿದೆ, ಆದರೆ ಮನಸ್ಸು ಆ ದಿನವನ್ನು ಬಿಟ್ಟು ಕದಲುವುದಿಲ್ಲ.

"ಬರ್ತಾ ಇದಾಳೆ," ಎಂದಳು ಇಂದುಮತಿ.

ಅವರು ಕೊಂಚ ಸರಿದು ಮೆಟ್ಟಿಲಲ್ಲಿ ಜಾಗ ಮಾಡಿಕೊಟ್ಟರು. ಅವಳು ಚೀಲ ಇಳಿಸಿ ಪಕ್ಕದಲ್ಲಿ ಕೂತಳು. ಇಬ್ಬರೂ ಬೀದಿಯ ಕಡೆಗೇ ನೋಡುತ್ತಾ ಇಂದುಮತಿಗಾಗಿ ಕಾದರು.