ಬೆಳಗಿನ ಮೊಣಕಾಲು

ಬೆಳಿಗ್ಗೆ ಐದೂವರೆ. ಹುಡುಗಿಗೆ ಎಚ್ಚರವಾಗಿತ್ತು, ಎಡ ಮೊಣಕಾಲು ಮಡಚಲು ಬರುತ್ತಿರಲಿಲ್ಲ.

ಹದಿನೈದರ ಅವಳಿಗೆ ಇದು ಹೊಸದೇನಲ್ಲ. ಕಳೆದ ಚಳಿಗಾಲದಿಂದ ಬೆಳಗಾದರೆ ಮೊಣಕಾಲು, ಮಣಿಕಟ್ಟು, ಬೆರಳ ಗೆಣ್ಣುಗಳು ಬಿಗಿದುಕೊಳ್ಳುತ್ತಿದ್ದವು. ಹೊತ್ತೇರಿದಂತೆ ತಾವಾಗಿಯೇ ಸಡಿಲವಾಗುತ್ತಿದ್ದವು. ಮನೆಯ ಕೆಳಗೇ ಅಪ್ಪ-ಅಮ್ಮನ ಲಾಂಡ್ರಿ. ಹೋಟೆಲುಗಳ ಚಾದರಗಳು ಬೆಳಕು ಹರಿಯುವ ಮೊದಲೇ ಉರುಳೆ ಯಂತ್ರದಲ್ಲಿ ಇಸ್ತ್ರಿಯಾಗಿ ಹೊರಬರುತ್ತಿದ್ದವು. ಬಿಸಿಯಾರದ ಎರಡನ್ನು ಅಮ್ಮ ಮಡಚಿ ಮೇಲಕ್ಕೆ ತಂದು, ಒಂದನ್ನು ಮೊಣಕಾಲಿಗೂ ಇನ್ನೊಂದನ್ನು ಕೈಗಳಿಗೂ ಸುತ್ತುತ್ತಿದ್ದಳು. ಅವು ತಣ್ಣಗಾದರೆ ಬೇರೆ ತರುತ್ತಿದ್ದಳು.

ಅಷ್ಟಾದರೂ ಶಾಲೆ ಸೇರುವಾಗ ಹುಡುಗಿ ಕುಂಟುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಎಲ್ಲರಂತೆ ನಡೆಯುತ್ತಿದ್ದಳು. ಅದೇ ಎಡವಟ್ಟಾಯಿತು.

"ಮೊದಲ ಪೀರಿಯಡ್‌ಗೆ ಕುಂಟು, ಊಟ ಆದ್ಮೇಲೆ ಓಟ!" ಎಂದು ಆಟದ ಮೇಷ್ಟ್ರು ಎಲ್ಲರೆದುರು ಹೇಳಿದಾಗ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಅಂದಿನಿಂದ ಅವಳ ಹೆಸರು 'ಮಧ್ಯಾಹ್ನದ ಮಹಾರಾಣಿ'. ಜೊತೆಗೆ ಬರುತ್ತಿದ್ದ ಗೆಳತಿ ಒಂದೆರಡು ವಾರ ಅವಳಿಗಾಗಿ ಕಾದಳು. ಆಮೇಲೆ ಮುಂದೆ ಹೋಗತೊಡಗಿದಳು. ಜಗಳವೇನೂ ಆಗಿರಲಿಲ್ಲ.

ಬೀದಿ ಕೊನೆಯ ಕ್ಲಿನಿಕ್ಕಿಗೆ ಎರಡು ಸಲ ಹೋಗಿ ಬಂದಿದ್ದರು, ಲಾಂಡ್ರಿ ಮುಚ್ಚಿದ ಮೇಲೆ, ಸಂಜೆ ಹೊತ್ತು. ವೈದ್ಯರು ಕಾಲು ಮಡಚಿ ಬಿಚ್ಚಿ ನೋಡಿದರು. "ಸ್ವಲ್ಪ ಊತ ಇದೆ, ಎಲ್ಲೋ ಬಿದ್ದಿರ್ಬೇಕು. ಬೆಳೆಯೋ ವಯಸ್ಸು ನೋಡಿ," ಎಂದರು. ರಕ್ತಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಇಂದು ಎಂಟಕ್ಕೆ ದೊಡ್ಡಾಸ್ಪತ್ರೆಯಲ್ಲಿ ಕೀಲು ತಜ್ಞೆಯನ್ನು ಕಾಣಬೇಕಿತ್ತು. ಅವರೂ ಏನಿಲ್ಲವೆಂದರೆ ಇನ್ನು ಯಾರೆದುರೂ ನೋವಿನ ಸುದ್ದಿ ಎತ್ತಬಾರದೆಂದು ಹುಡುಗಿ ನಿಶ್ಚಯಿಸಿದ್ದಳು.

ಅಮ್ಮ ಚಾದರ ಹಿಡಿದು ಒಳಗೆ ಬಂದಳು.

"ಇವತ್ತು ಬೇಡಮ್ಮ."

"ಏನು ಬೇಡ? ದೊಡ್ಡ ಡಾಕ್ಟ್ರ ಹತ್ರ ನೆಟ್ಟಗೆ ನಡ್ಕೊಂಡು ಹೋಗೋದು ಬೇಡ್ವಾ?"

"ನೆಟ್ಟಗೆ ಹೋಗೋದಕ್ಕೇ ಏನೂ ಇಲ್ಲ ಅಂತಾರೆ."

ಬಾಗಿಲಲ್ಲಿ ನಿಂತಿದ್ದ ಅಪ್ಪ ತಮಾಷೆಗೆ ಇಳಿದ. "ಸುಕ್ಕಿರೋದನ್ನ ನಾವು ಯಾವತ್ತಾದ್ರೂ ಗಿರಾಕಿ ಕೈಗೆ ಕೊಟ್ಟಿದೀವೇನೇ?"

"ನಾನು ಬಟ್ಟೆ ಅಲ್ಲಪ್ಪ."

ಅಪ್ಪ ಗಡ್ಡ ಕೆರೆದುಕೊಂಡು ವ್ಯಾನು ತೆಗೆಯಲು ಹೋದ. ಅಮ್ಮ ಅಲ್ಲೇ ನಿಂತಿದ್ದಳು.

"ಹಾಗಾದ್ರೆ ಇಷ್ಟು ದಿನ ನಾನು ಮೆಟ್ಟಿಲು ಹತ್ತಿ ಇಳಿದಿದ್ದೇ ತಪ್ಪಾಯ್ತು ಅನ್ನು."

ಅಮ್ಮ ಚಾದರಗಳನ್ನು ಎದೆಗವಚಿಕೊಂಡು ಕೆಳಗಿಳಿದಳು. ಹುಡುಗಿ ಅಂಗಿಯ ಗುಂಡಿ ಹಾಕಿಕೊಳ್ಳಲು ಕುಳಿತಳು. ಬಿಗಿದ ಬೆರಳುಗಳ ಹಿಡಿತಕ್ಕೆ ಗುಂಡಿ ಸಿಗಲಿಲ್ಲ. ಕರೆದರೆ ಅಮ್ಮ ಬರುತ್ತಿದ್ದಳು, ಕರೆಯಲಿಲ್ಲ. ಮೇಲಿನ ಎರಡು ಗುಂಡಿ ಹಾಗೇ ಬಿಟ್ಟು ಸ್ವೆಟರ್ ಎಳೆದುಕೊಂಡಳು.

ವ್ಯಾನಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

ಆಸ್ಪತ್ರೆಯಲ್ಲಿ ಅವರು ಬಾಗಿಲು ದಾಟಿದಾಗಿನಿಂದಲೇ ತಜ್ಞೆ ಮಗಳ ನಡಿಗೆ ನೋಡುತ್ತಿದ್ದರು. ಹುಡುಗಿ ಗೋಡೆ ಹಿಡಿದು ಕುರ್ಚಿ ತಲುಪಿದಳು.

"ದಿನಾ ಹೀಗೇನಾ?" ವೈದ್ಯೆ ಕೇಳಿದರು.

"ಅಯ್ಯೋ ಇಲ್ಲ ಡಾಕ್ಟ್ರೇ, ದಿನಾ ಎಷ್ಟೋ ಚೆನ್ನಾಗಿ..." ಅಮ್ಮನ ಮಾತು ಅಲ್ಲಿಗೇ ನಿಂತಿತು. ಮಗಳ ಕತ್ತಿನ ಬಳಿ ಬಿಚ್ಚಿಕೊಂಡಿದ್ದ ಗುಂಡಿ ಅವಳಿಗೆ ಆಗಷ್ಟೇ ಕಂಡಿತ್ತು. "ದಿನಾ ಹೀಗೇ. ನಾನೇ ಇಸ್ತ್ರಿ ಮಾಡಿ ಕಳಿಸ್ತಿದ್ದೆ."

ವೈದ್ಯೆಗೆ ಅರ್ಥವಾಗಲಿಲ್ಲ. ಅಮ್ಮ ಚಾದರದ ಕಥೆಯನ್ನೆಲ್ಲ ಹೇಳಿದಳು.

"ಬಿಸಿ ಕೊಟ್ಟಿದ್ದರಲ್ಲಿ ತಪ್ಪಿಲ್ಲ, ನಾನೂ ಅದನ್ನೇ ಹೇಳೋಳು. ಆದ್ರೆ ಬೆಳಿಗ್ಗೆ ಹೇಗಿರ್ತಾಳೆ ಅಂತ ಡಾಕ್ಟರಿಗೆ ಗೊತ್ತಾಗ್ಬೇಕಲ್ವಾ?" ಎಂದು ವೈದ್ಯೆ ಒಂದೊಂದೇ ಕೀಲನ್ನು ಒತ್ತಿ ನೋಡಿದರು. ಇದು ಮಕ್ಕಳಲ್ಲಿ ಬರುವ ಸಂಧಿವಾತ ಎಂದರು.

"ಅದು ವಯಸ್ಸಾದವರಿಗಲ್ವಾ?" ಅಮ್ಮ ಕೇಳಿದಳು.

"ಮಕ್ಕಳಿಗೂ ಬರುತ್ತಮ್ಮ. ರಕ್ತಪರೀಕ್ಷೆ ಸರಿ ಇದ್ರೂ ಬರುತ್ತೆ." ಕೆಲವರಿಗೆ ನೋವೇ ಇಲ್ಲದೆ ಕಣ್ಣಿನೊಳಗೂ ಉರಿಯೂತವಾಗುವುದುಂಟು ಎಂದು ಕಣ್ಣಿನ ವಿಭಾಗಕ್ಕೆ ಕಳಿಸಿದರು.

ಅಲ್ಲಿ ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಕೊನೆಗೂ ಒಬ್ಬರು ನಂಬಿದ್ದರು. ಯಾರಿಗಾದರೂ ಹೇಳಬೇಕೆನಿಸಿ ಹುಡುಗಿ ಫೋನ್ ತೆಗೆದಳು. ಹನಿಯ ದೆಸೆಯಿಂದ ಅಕ್ಷರಗಳು ಕಲಸಿಹೋಗಿದ್ದವು. ಕಂಡಿದ್ದರೂ ಯಾರಿಗೆ ಬರೆಯುವುದೆಂದು ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಅಮ್ಮ ಅವಳ ಗುಂಡಿಗಳನ್ನು ಹಾಕಿದಳು.

ಕಣ್ಣುಗಳು ಚೆನ್ನಾಗಿದ್ದವು. ವಾರಕ್ಕೊಮ್ಮೆ ನುಂಗುವ ಮಾತ್ರೆ ಶುರುವಾಯಿತು. ನುಂಗಿದ ಮರುದಿನವೆಲ್ಲ ವಾಕರಿಕೆ. ವೈದ್ಯೆ ಶಾಲೆಗೆ ಫೋನ್ ಮಾಡಿ ಮಾತಾಡಿದರು. ಮೊದಲ ಪೀರಿಯಡ್‌ಗೆ ಬರಬೇಕಾಗಿಲ್ಲವೆಂದು ಶಾಲೆ ಒಪ್ಪಿತು. ಸೋಮವಾರ ಹುಡುಗಿ ತಡವಾಗಿ ಹೋದಳು. ತರಗತಿಗಳೆಲ್ಲ ಆಗಲೇ ಶುರುವಾಗಿದ್ದವು. ಖಾಲಿ ಮೆಟ್ಟಿಲುಗಳನ್ನು ಅವಳು ಕಂಬಿ ಹಿಡಿದು ಒಬ್ಬಳೇ ಹತ್ತಿದಳು.